ಮೆಮೊರಿ ಬ್ಯಾಂಡ್‌ವಿಡ್ತ್‌ಗೆ ‘ಹರಿವು’ ಅನ್ನಬಹುದೇ?

ಗೆಳೆಯರೇ,

ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಬ್ಯಾಂಡ್‌ವಿಡ್ತ್‌ಗೆ, ಅಂದರೆ ಚಿಪ್ಪಿಗೂ ಮೆಮೊರಿಗೂ ನಡುವೆ ಸೆಕೆಂಡಿಗೆ ಎಷ್ಟು ಡೇಟಾ ಸಾಗಬಹುದು ಅನ್ನುವ ಅಳತೆಗೆ, ಕನ್ನಡದಲ್ಲಿ ಏನನ್ನೋಣ? ನನ್ನ ಮುಖ್ಯ ಪ್ರಶ್ನೆ ಇದು. ಇದರ ಬೆನ್ನಿಗೇ ಕ್ಲಾಕ್ ಸ್ಪೀಡ್ (ಚಿಪ್ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಅನ್ನುವುದು), ಪರ್ಫಾರ್ಮೆನ್ಸ್ ಕೂಡ ಬರುತ್ತವೆ.

ಬಾಗಲಕೋಟೆಯ ಡಿಪ್ಲೊಮಾ ಹುಡುಗರಿಗೆಂದು ಎರಡು ಕಾರ್ಡುಗಳ ಹೋಲಿಕೆ ಬರೆಯುತ್ತಿದ್ದೇನೆ. ಒಂದು ಎನ್‌ವಿಡಿಯಾದ ಆರ್‌ಟಿಎಕ್ಸ್ 3060, 2021ರಲ್ಲಿ ಬಂದದ್ದು, 12 ಜಿಬಿ ಮೆಮೊರಿ. ಇನ್ನೊಂದು ಆರ್‌ಟಿಎಕ್ಸ್ 4060, 2023ರದು, ಆದರೆ 8 ಜಿಬಿ. ಹೊಸದರಲ್ಲೇ ಮೆಮೊರಿ ಕಡಿಮೆ! ತಕರಾರು ಶುರುವಾಗುವುದೇ ಇಲ್ಲಿ. ಯಾಕೆಂದರೆ ನಮ್ಮ ಕಡೆ ಕಾರ್ಡ್ ಕೊಳ್ಳಲು ಹೋದವರ ಮೊದಲ ಪ್ರಶ್ನೆ ‘ಎಷ್ಟ್ ಜಿಬಿದ್ ಐತ್ರಿ?’. ಎಷ್ಟೋ ಸಲ ಕೊನೆಯ ಪ್ರಶ್ನೆಯೂ ಅದೇ.

ಕನ್ನಡದಲ್ಲಿ ಬರೆಯಲು ಕೂತರೆ ಕೈಗೆ ಬರುವುದು ಎರಡೇ ಪದ: ವೇಗ ಮತ್ತು ಸಾಮರ್ಥ್ಯ. ಮೆಗಾಹರ್ಟ್ಸ್ ಬಂದರೂ ವೇಗ, ಸೆಕೆಂಡಿಗೆ ಇಷ್ಟು ಜಿಬಿ ಅಂದರೂ ವೇಗ, ಆಟದಲ್ಲಿ ಸೆಕೆಂಡಿಗೆ ಇಷ್ಟು ಫ್ರೇಮ್ ಅಂದರೂ ವೇಗ. ಹಾಗೇ ಜಿಬಿಗೂ ಸಾಮರ್ಥ್ಯ, ವ್ಯಾಟ್‌ಗೂ ಸಾಮರ್ಥ್ಯ, ಒಟ್ಟು ಫಲಿತಾಂಶಕ್ಕೂ ಸಾಮರ್ಥ್ಯ. ಈ ಎರಡು ಕಾರ್ಡುಗಳ ವಿಷಯದಲ್ಲಂತೂ ಇದು ನಡೆಯುವುದೇ ಇಲ್ಲ. ಒಂದು ‘ವೇಗ’ದಲ್ಲಿ ಹಳೆಯದು ಮುಂದೆ, ಇನ್ನೆರಡು ‘ವೇಗ’ಗಳಲ್ಲಿ ಹೊಸದು ಮುಂದೆ. ಮೂರಕ್ಕೂ ಒಂದೇ ಹೆಸರಿಟ್ಟು ಬರೆದರೆ ಓದಿದ ಹುಡುಗ ಏನು ತಿಳಿದುಕೊಳ್ಳಬೇಕು?

ಬ್ಯಾಂಡ್‌ವಿಡ್ತ್ ಅನ್ನು ಪದಕ್ಕೆ ಪದ ಇಟ್ಟು ‘ಪಟ್ಟಿಯಗಲ’ ಅನ್ನಬಹುದು. ಆದರೆ ಅದು ರೇಡಿಯೋದ ಕಾಲದ ಪದ. ಅಲ್ಲಿ ನಿಜವಾಗಿಯೂ ಅಲೆಗಳ ಒಂದು ಪಟ್ಟಿ ಇತ್ತು, ಅದಕ್ಕೊಂದು ಅಗಲವಿತ್ತು. ಇಲ್ಲಿ ಅಳೆಯುತ್ತಿರುವುದು ಸೆಕೆಂಡಿಗೆ ಎಷ್ಟು ಡೇಟಾ ದಾಟಬಹುದು ಅನ್ನುವುದನ್ನು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಕಾರ್ಡಿನ ಮೆಮೊರಿಗೆ ಬೇರೆಯೇ ಒಂದು ಅಗಲ ಇದೆ, ಬಸ್ ವಿಡ್ತ್. 3060ರಲ್ಲಿ 192 ಬಿಟ್, 4060ರಲ್ಲಿ 128 ಬಿಟ್. ಒಂದೇ ಸಲಕ್ಕೆ ಎಷ್ಟು ಬಿಟ್ ಜೊತೆಯಾಗಿ ಹೋಗುತ್ತವೆ ಅನ್ನುವ ಲೆಕ್ಕ ಅದು. ‘ಅಗಲ’ ಅನ್ನುವ ಪದ ನ್ಯಾಯವಾಗಿ ಸೇರಬೇಕಾದದ್ದು ಇದಕ್ಕೆ. ಬ್ಯಾಂಡ್‌ವಿಡ್ತ್‌ಗೂ ಅದನ್ನೇ ಕೊಟ್ಟರೆ ಎರಡೂ ಕಲಸಿಹೋಗುತ್ತವೆ.

ಲೆಕ್ಕ ಹಾಕಿ ತೋರಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬಸ್ಸಿನ ಒಂದೊಂದು ಬಿಟ್‌ಗೂ ಒಂದೊಂದು ಗೆರೆ, ಅಂದರೆ ದಾರಿ, ಅಂತಿಟ್ಟುಕೊಳ್ಳಿ. 3060ರ ಮೆಮೊರಿಯಲ್ಲಿ ಒಂದೊಂದು ಗೆರೆಯಲ್ಲೂ ಸೆಕೆಂಡಿಗೆ 15 ಗಿಗಾಬಿಟ್ ಸಾಗುತ್ತದೆ. ಅಂಥ 192 ಗೆರೆ. ಗುಣಿಸಿ, ಬೈಟ್ ಮಾಡಲು 8ರಿಂದ ಭಾಗಿಸಿದರೆ ಸೆಕೆಂಡಿಗೆ 360 ಜಿಬಿ. 4060ರಲ್ಲಿ ಗೆರೆಯೊಂದಕ್ಕೆ 17 ಗಿಗಾಬಿಟ್, ಅಂದರೆ ಜಾಸ್ತಿಯೇ. ಆದರೆ ಗೆರೆ 128 ಮಾತ್ರ. ಒಟ್ಟು 272 ಜಿಬಿ. ಅಗಲ ಬೇರೆ, ಗೆರೆಯ ವೇಗ ಬೇರೆ, ಎರಡೂ ಸೇರಿ ಹುಟ್ಟುವ ಮೂರನೆಯದು ಬೇರೆ. ಆ ಮೂರನೆಯದಕ್ಕೆ ನನಗೆ ಬೇಕಾದ ಹೆಸರು.

ನಮ್ಮ ಜಿಲ್ಲೆಯವರಿಗೆ ಆ ಹೆಸರು ಬಾಯಲ್ಲೇ ಇದೆ ಅನ್ನಿಸುತ್ತದೆ. ಮಳೆಗಾಲ ಬಂತೆಂದರೆ ಬಾಗಲಕೋಟೆ, ವಿಜಯಪುರದಲ್ಲಿ ಪತ್ರಿಕೆಯಲ್ಲಿ ಆಲಮಟ್ಟಿ ಜಲಾಶಯದ ಅಂಕಿ ನೋಡದವರು ಯಾರು? ಸಂಗ್ರಹ ಇಷ್ಟು ಟಿಎಂಸಿ, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು ಕ್ಯುಸೆಕ್. ಜಲಾಶಯ ತುಂಬಿದರೆ ಸುಮಾರು 123 ಟಿಎಂಸಿ. ಆದರೆ ನದಿ ದಂಡೆಯ ಊರಿನವರು ಮೊದಲು ಕೇಳುವುದು ಎಷ್ಟು ಕ್ಯುಸೆಕ್ ಬಿಟ್ಟಿದ್ದಾರೆ ಅಂತ. ಟಿಎಂಸಿ ಒಟ್ಟು ಪ್ರಮಾಣ, ಕ್ಯುಸೆಕ್ ಸೆಕೆಂಡಿಗೆ ಹರಿಯುವ ಪ್ರಮಾಣ. ಕಾರ್ಡಿನ ಜಿಬಿಗೂ ಸೆಕೆಂಡಿಗೆ ಜಿಬಿಗೂ ಇರುವ ಸಂಬಂಧ ಇದೇ ಅಲ್ವಾ? ಹಾಗಾಗಿ ಮೆಮೊರಿಯ ಗಾತ್ರಕ್ಕೆ ‘ಸಂಗ್ರಹ’, ಬ್ಯಾಂಡ್‌ವಿಡ್ತ್‌ಗೆ ‘ಹರಿವು’ ಅನ್ನೋಣ ಅಂತ ನನ್ನ ಸಲಹೆ.

ಒಂದು ಆಕ್ಷೇಪ ನನಗೇ ಇದೆ. ಪತ್ರಿಕೆಯ ಒಳಹರಿವು ಅಂದರೆ ಆ ಹೊತ್ತಿಗೆ ನಿಜವಾಗಿ ಹರಿದದ್ದು. ಕಾರ್ಡಿನ 360 ಜಿಬಿ ಅಂದರೆ ಹೆಚ್ಚೆಂದರೆ ಅಷ್ಟು ಹರಿಯಬಹುದು ಅಂತ. ಆದ್ದರಿಂದ ಪಟ್ಟಿಯಲ್ಲಿ ‘ಗರಿಷ್ಠ ಹರಿವು’ ಅಂತ ಬರೆದು, ಮುಂದೆ ಮಾತಿನ ನಡುವೆ ಬರೀ ‘ಹರಿವು’ ಅಂದರೆ ಸಾಕೇ? ನನಗೆ ಸಾಕು ಅನ್ನಿಸುತ್ತದೆ.

ಈ ಪದಗಳು ಸುಮ್ನೆ ಚೆಂದಕ್ಕಲ್ಲ. 3060 ಹೆಸರಿನಲ್ಲೇ 8 ಜಿಬಿಯ ಇನ್ನೊಂದು ಕಾರ್ಡ್ ಇದೆ. ‘ಅದೇ ಕಾರ್ಡ್, 4 ಜಿಬಿ ಕಡಿಮೆ’ ಅಂತ ಕೊಳ್ಳುವವರಿದ್ದಾರೆ. ಅದರ ಅಗಲ 192 ಅಲ್ಲ, 128 ಬಿಟ್. ಹರಿವು 240 ಜಿಬಿಗೆ ಇಳಿದಿದೆ. ಅಂಗಡಿಯಲ್ಲಿ ‘ಹರಿವು ಎಷ್ಟು?’ ಅಂತ ಕೇಳುವ ರೂಢಿ ಇದ್ದರೆ ಇದು ಅಲ್ಲೇ ಗೊತ್ತಾಗುತ್ತಿತ್ತು.

ಕ್ಲಾಕ್ ಸ್ಪೀಡ್‌ಗೆ ‘ಗಡಿಯಾರದ ವೇಗ’ ಬೇಡವೇ ಬೇಡ. ‘ಮಿಡಿತ’ ಒಪ್ಪುತ್ತದೆ. 3060ರ ಬೂಸ್ಟ್ ಮಿಡಿತ (ಕೆಲಸ ಜಾಸ್ತಿಯಾದಾಗ ಏರುವ ಮಿಡಿತ) 1.78 ಗಿಗಾಹರ್ಟ್ಸ್, 4060ರದು 2.46. ಕೋರ್ ಅನ್ನು ಕೋರ್ ಅಂತಲೇ ಬಿಡುತ್ತೇನೆ, ಎಲ್ಲರಿಗೂ ಗೊತ್ತಿರುವ ಪದ. ಹಳೆಯದರಲ್ಲಿ 3584 ಕುಡಾ ಕೋರ್ (ಎನ್‌ವಿಡಿಯಾ ಚಿಪ್ಪಿನ ಪುಟ್ಟ ಲೆಕ್ಕದ ಘಟಕ), ಹೊಸದರಲ್ಲಿ 3072. ಪೀಳಿಗೆ ಬೇರೆ ಆದ್ದರಿಂದ ಇವನ್ನು ನೇರವಾಗಿ ಹೋಲಿಸಿ ಪ್ರಯೋಜನವಿಲ್ಲ.

ಪರ್ಫಾರ್ಮೆನ್ಸ್ ನಿಜಕ್ಕೂ ಕಷ್ಟ ಕೊಡುತ್ತಿದೆ. ‘ಕಾರ್ಯಕ್ಷಮತೆ’ ಬಳಕೆಯಲ್ಲಿದೆ, ಎಫಿಶಿಯೆನ್ಸಿಗೆ ‘ದಕ್ಷತೆ’ ಇದೆ. ಆದರೆ ಎರಡನ್ನೂ ಒಂದೇ ವಾಕ್ಯದಲ್ಲಿ ಇಟ್ಟು ನೋಡಿ: ‘4060ರ ಕಾರ್ಯಕ್ಷಮತೆ ಸ್ವಲ್ಪ ಹೆಚ್ಚು, ದಕ್ಷತೆ ಬಹಳ ಹೆಚ್ಚು.’ ಓದಿದವರಿಗೆ ಎರಡೂ ಒಂದೇ ಅನ್ನಿಸದೆ ಇರುತ್ತದೆಯೇ? ಹೇಳಬೇಕಾದ ವಿಷಯ ಮಾತ್ರ ಸರಳ. 1080ಪಿಯ ಹೆಚ್ಚಿನ ಆಟಗಳಲ್ಲಿ 4060 ಶೇ 15ರಿಂದ 20ರಷ್ಟು ಮುಂದೆ. ಕರೆಂಟ್ ಲೆಕ್ಕದಲ್ಲಿ 3060ಕ್ಕೆ 170 ವ್ಯಾಟ್, 4060ಕ್ಕೆ 115 ವ್ಯಾಟ್ ಸಾಕು. ನಮ್ಮ ಹುಡುಗರು ಇದನ್ನು ‘ಗೇಮ್ ಚಲೋ ಓಡ್ತೈತಿ, ಕರೆಂಟ್ ಕಡಿಮಿ ತಿಂತೈತಿ’ ಅನ್ನುತ್ತಾರೆ. ಒಂದಿಷ್ಟೂ ಗೊಂದಲವಿಲ್ಲ. ಅಲ್ಲಿಂದಲೇ ‘ಓಟ’ ಅನ್ನುವ ಪದ ತೆಗೆದುಕೊಳ್ಳಬಹುದೇ? ‘ಎರಡು ಕಾರ್ಡುಗಳ ಓಟ’ ಅಂದರೆ ಪಂದ್ಯದಂತೆ ಕೇಳಿಸುತ್ತದೆಯೋ ಏನೋ. ನಾಮಪದದ ಹಟ ಬಿಟ್ಟು ‘ಹೇಗೆ ಓಡುತ್ತದೆ’ ಅಂತ ಕ್ರಿಯಾಪದದಲ್ಲೇ ಬರೆಯುವುದು ನನಗೆ ಹೆಚ್ಚು ಇಷ್ಟ.

ಮೆಮೊರಿ ತುಂಬಿ ಉಕ್ಕಿದಾಗಿನ ಸ್ಥಿತಿಗೂ ಹರಿವು ಚೆನ್ನಾಗಿ ಒದಗುತ್ತದೆ. ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶದಲ್ಲಿ ದೊಡ್ಡ ದೃಶ್ಯ ಮಾಡಿದಾಗ, ಎಐ ಮಾದರಿಗಳನ್ನು ಮನೆಯ ಕಂಪ್ಯೂಟರಿನಲ್ಲೇ ಓಡಿಸಿದಾಗ 8 ಜಿಬಿ ಸಾಲದೆ ಹೋಗಬಹುದು. ಆಗ ಡೇಟಾ ಕಂಪ್ಯೂಟರಿನ ರ್‍ಯಾಮ್‌ನಿಂದ ಬರಬೇಕು. ಕಾರ್ಡನ್ನೂ ಕಂಪ್ಯೂಟರನ್ನೂ ಜೋಡಿಸುವ ದಾರಿಗೆ ಪಿಸಿಐಇ ಅನ್ನುತ್ತಾರೆ. 4060ಕ್ಕೆ ಇರುವುದು ಪಿಸಿಐಇ 4.0ರ 8 ಲೇನ್. ಅಲ್ಲಿ ಹರಿವು ಸೆಕೆಂಡಿಗೆ ಸುಮಾರು 16 ಜಿಬಿ, ಅಷ್ಟೇ. 272 ಎಲ್ಲಿ, 16 ಎಲ್ಲಿ! ಅಂಥ ಕೆಲಸಕ್ಕೆ ಹಳೆಯ 12 ಜಿಬಿ ಕಾರ್ಡೇ ಒಳ್ಳೆಯದು ಅಂತ ಧೈರ್ಯವಾಗಿ ಬರೆಯುತ್ತಿದ್ದೇನೆ. ಬರೀ ಆಟವಾದರೆ 4060.

ಇನ್ನು ಒಂದು ಪದ ಬಾಕಿ. ಹರಿವು ಕಡಿಮೆಯಿದ್ದೂ 4060 ಆಟದಲ್ಲಿ ಮುಂದಿರಲು ಎತ್ತರದ ಮಿಡಿತದ ಜೊತೆ ಇನ್ನೊಂದು ಕಾರಣವೂ ಇದೆ. ಚಿಪ್ಪಿನೊಳಗಿನ ಎಲ್2 ಕ್ಯಾಶ್ 3 ಎಂಬಿಯಿಂದ 24 ಎಂಬಿಗೆ ಏರಿದೆ. ಮತ್ತೆ ಮತ್ತೆ ಬೇಕಾಗುವ ಡೇಟಾ ಅಲ್ಲೇ ಸಿಗುವುದರಿಂದ ಮೆಮೊರಿಯವರೆಗೆ ಹೋಗುವ ಕೆಲಸ ತಗ್ಗುತ್ತದೆ. ಆದರೆ ‘ಕ್ಯಾಶ್’ ಅಂತ ಬರೆದರೆ ಕನ್ನಡದಲ್ಲಿ ಎಲ್ಲರೂ ಓದುವುದು ನಗದು ಅಂತ. ‘ಕ್ಯಾಶೆ’ ಅನ್ನುವವರನ್ನು, ‘ಕ್ಯಾಚೆ’ ಅನ್ನುವವರನ್ನು ಕೇಳಿದ್ದೇನೆ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಪಾಠ ಮಾಡುವವರು, ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರು ತರಗತಿಯಲ್ಲಿ, ಅಂಗಡಿಯಲ್ಲಿ ಇದಕ್ಕೆ ಏನನ್ನುತ್ತೀರಿ? ‘ಹರಿವು’, ‘ಮಿಡಿತ’ ನಿಮ್ಮ ಕಿವಿಗೆ ಒಪ್ಪುತ್ತವೆಯೇ ಅನ್ನುವುದನ್ನೂ ಬರೆಯಿರಿ.