ಎಲ್ ನಿನೊ ವರ್ಷ ಅಂದ್ರೆ ತೊಗರಿ ಬಿತ್ತಲೇಬಾರದಾ?

ಎರಿಹೊಲ, ಮಾನ್ವಿ
ಎಲ್ಲರಿಗೂ ನಮಸ್ಕಾರ. ನಮ್ಮದು ಕಾಲುವೆ ನೀರು ಬಾರದ ಎರಿ ಹೊಲ. ಮುಂಗಾರಿಗೆ ತೊಗರಿ, ಇಲ್ಲಾಂದ್ರೆ ಹಿಂಗಾರಿಗೆ ಬಿಳಿಜೋಳ, ಕಡಲೆ. ಏಪ್ರಿಲ್ ಬಂದರೆ ಸಾಕು, ಟಿವಿಯವರು ಎಲ್ ನಿನೊ ಬರ್ತದೆ, ಪೆಸಿಫಿಕ್ ಸಮುದ್ರ ಬಿಸಿಯಾಗಿ ಇಲ್ಲಿ ಮಳೆ ಕಮ್ಮಿ ಆಗ್ತದೆ ಅಂತ ಶುರು ಮಾಡುತ್ತಾರೆ. ಬೀಜದ ಅಂಗಡಿಯಲ್ಲೂ ಅದೇ ಮಾತು. ಪೆಸಿಫಿಕ್ ಸಮುದ್ರ ಎಲ್ಲಿ, ಮಾನ್ವಿ ಎಲ್ಲಿ? ಅಲ್ಲಿ ಗಾಳಿಯ ಒತ್ತಡ ಏರಿಳಿದರೆ ಇಲ್ಲಿ ಮಳೆ ಯಾಕೆ ನಿಲ್ಲಬೇಕು? 2009 ಕೂಡ ಎಲ್ ನಿನೊ ವರ್ಷವಂತೆ. ಮಂತ್ರಾಲಯದ ಮಠಕ್ಕೇ ತುಂಗಭದ್ರೆ ನುಗ್ಗಿದ್ದು ಅದೇ ವರ್ಷ ಅಲ್ವಾ? ಯಾರಾದರೂ ಬಿಡಿಸಿ ಹೇಳಿ.

ಮಳೆಮಾಪಕ, ರಾಯಚೂರು
ತಮ್ಮಾ, ನಾನು ನಿವೃತ್ತಿ ಆಗುವ ತನಕ ಒಂದು ಕೃಷಿ ಫಾರಂನಲ್ಲಿ ಮಳೆ, ಗಾಳಿ, ಒತ್ತಡದ ರೀಡಿಂಗ್ ಬರೆಯುತ್ತಿದ್ದೆ. ಅದಕ್ಕೇ ಒತ್ತಡದಿಂದಲೇ ಶುರು ಮಾಡ್ತೀನಿ.

ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಒತ್ತಡ ಅಳೆಯುವ ನಮ್ಮ ಬ್ಯಾರೋಮೀಟರ್ 960 ಮಿಲಿಬಾರ್ ಆಸುಪಾಸು ತೋರಿಸುತ್ತಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಏರುತ್ತದೆ, ಸಂಜೆ ನಾಲ್ಕಕ್ಕೆ ಮೂರ್ನಾಲ್ಕು ಮಿಲಿಬಾರ್ ಇಳಿಯುತ್ತದೆ. ಮೋಡ ಇರಲಿ ಬಿಡಲಿ, ದಿನಾ ಇದೇ ಆಟ. ಹೊಸದಾಗಿ ಸೇರಿದ ಹುಡುಗರು ನಾಲ್ಕು ಗಂಟೆ ರೀಡಿಂಗ್ ನೋಡಿ, ಒತ್ತಡ ಇಳಿದರೆ ಮಳೆ ಅಂದುಕೊಂಡು, "ಸರ, ಮಳೆ ಬರ್ತದ" ಅಂತ ಓಡಿ ಬರುತ್ತಿದ್ದರು!

ಈಗ ನಿನ್ನ ಪೆಸಿಫಿಕ್‌ಗೆ ಬಾ. ಆ ಸಮುದ್ರದ ನಡುವೆ ತಾಹಿತಿ ದ್ವೀಪ, ಈ ಕಡೆ ಆಸ್ಟ್ರೇಲಿಯಾದ ಡಾರ್ವಿನ್ ಊರು. ಎರಡೂ ತಕ್ಕಡಿಯ ತಟ್ಟೆ ಇದ್ದಂತೆ. ಒಂದು ಕಡೆ ಒತ್ತಡ ಏರಿದರೆ ಇನ್ನೊಂದು ಕಡೆ ಇಳಿಯುತ್ತದೆ. ಇದನ್ನು ಲೆಕ್ಕ ಹಾಕಿ ಹಿಡಿದವರು ಗಿಲ್ಬರ್ಟ್ ವಾಕರ್. 1904ರಿಂದ 1924ರವರೆಗೆ ನಮ್ಮ ದೇಶದ ಹವಾಮಾನ ಇಲಾಖೆಗೆ ಅವರೇ ಮುಖ್ಯಸ್ಥರು. ಮಳೆ ಕೈಕೊಟ್ಟು ಬರ ಬೀಳುವುದನ್ನು ಮೊದಲೇ ಹೇಳಲು ಆಗುತ್ತದಾ ಅಂತ ದೇಶದೇಶಗಳ ಅಂಕಿ ತರಿಸಿ ಕೂತರು. 1876-78ರ ಬರದಲ್ಲಿ ನಮ್ಮ ಬಳ್ಳಾರಿ ಸೀಮೆ ಎಷ್ಟು ನರಳಿತ್ತು ಅಂತ ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ. ಅದೂ ಜೋರಾದ ಎಲ್ ನಿನೊ ಕಾಲವೇ. ಆದರೆ ಒತ್ತಡದ ಈ ಆಟಕ್ಕೂ ಸಮುದ್ರದ ಬಿಸಿಗೂ ಇರುವ ನಂಟನ್ನು ಬಿಡಿಸಿಟ್ಟವರು ಹವಾಮಾನ ವಿಜ್ಞಾನಿ ಬ್ಯರ್ಕ್‌ನೆಸ್, ಅದೂ 1969ರಲ್ಲಿ.

ಮಾಮೂಲಿ ವರ್ಷದಲ್ಲಿ ಬಿಸಿನೀರು ಇಂಡೋನೇಷ್ಯಾ ಕಡೆ ಕೂಡಿರುತ್ತದೆ. ಅಲ್ಲಿ ಗಾಳಿ ಮೇಲೇಳುತ್ತದೆ, ಮೋಡ ಕಟ್ಟುತ್ತದೆ. ಎಲ್ ನಿನೊ ಬಂದರೆ ಆ ಬಿಸಿನೀರು ಪೂರ್ವಕ್ಕೆ ಸರಿಯುತ್ತದೆ, ಮೋಡವೂ ಅದರ ಹಿಂದೆ ಹೋಗುತ್ತದೆ. ನಮ್ಮ ಕಡೆ ಗಾಳಿ ಮೇಲಿಂದ ಕೆಳಗೆ ಇಳಿಯುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಬೆಳೆಯಲ್ಲ. ಇಷ್ಟೆಲ್ಲ ಆದರೂ ಡಾರ್ವಿನ್‌ನಲ್ಲಿ ತಿಂಗಳ ಸರಾಸರಿ ಒತ್ತಡ ಏರುವುದು ಒಂದೆರಡು ಮಿಲಿಬಾರ್ ಅಷ್ಟೆ. ನಮ್ಮ ಬ್ಯಾರೋಮೀಟರ್‌ನ ದಿನದ ಏರಿಳಿತಕ್ಕಿಂತ ಕಮ್ಮಿ. ಆದರೆ ಅದು ಇಡೀ ಸಮುದ್ರದ ಮೇಲೆ ತಿಂಗಳುಗಟ್ಟಲೆ ಕೂತಿರುತ್ತದೆ. ಪೆಟ್ಟು ಬೀಳುವುದು ಅಲ್ಲೇ.

ಡ್ಯಾಂನೀರು, ಗಂಗಾವತಿ
ನಮಗೆ ತುಂಗಭದ್ರಾ ಡ್ಯಾಂ ತುಂಬಿದರೆ ಸಾಕಪ್ಪ, ಯಾವ ನಿನೊ ಬಂದರೇನು, ಹೋದರೇನು.

ಸಜ್ಜೆರೊಟ್ಟಿ, ಕುಷ್ಟಗಿ
ಗಂಗಾವತಿ ಅಣ್ಣಾ, ಡ್ಯಾಂ ತುಂಬುವುದು ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ಮಳೆಯಿಂದ. 2023ರಲ್ಲಿ ಅಲ್ಲೂ ಮಳೆ ಕಮ್ಮಿ, ಡ್ಯಾಂ ತುಂಬಲಿಲ್ಲ. ಮರೆತುಬಿಟ್ಟಿರಾ?

ಮಾನ್ವಿ ಅಣ್ಣನ ಪ್ರಶ್ನೆಗೆ ನನ್ನದೂ ಒಂದು ಮಾತು. ನಾನು ಭೂಗೋಳ ಪಾಠ ಮಾಡುವವಳು. ಎಲ್ ನಿನೊ ಒಂದೇ ಎಲ್ಲ ತೀರ್ಮಾನ ಮಾಡಲ್ಲ. 1997ರಲ್ಲಿ ಭಾರಿ ಎಲ್ ನಿನೊ ಇತ್ತು, ಆದರೂ ದೇಶದ ಮುಂಗಾರು ವಾಡಿಕೆಯಷ್ಟೇ ಆಯ್ತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿ, ಪೂರ್ವ ಭಾಗ ತಂಪು ಇತ್ತು. ಅದು ಮಳೆಗೆ ಒಳ್ಳೆಯದು. 2009ರಲ್ಲಿ ಅಂಥ ಆಸರೆ ಸಿಗಲಿಲ್ಲ, ದೇಶಕ್ಕೆ ಶೇ 22ರಷ್ಟು ಮಳೆ ಕೊರತೆ ಬಿತ್ತು. ಇನ್ನೊಂದು, ಮೋಡಗಳ ದೊಡ್ಡ ಗುಂಪು 30ರಿಂದ 60 ದಿನಕ್ಕೊಮ್ಮೆ ಭೂಮಧ್ಯರೇಖೆಯ ಹತ್ತಿರ ಪೂರ್ವಕ್ಕೆ ಸಾಗುತ್ತದೆ. ಅದಕ್ಕೆ ಮ್ಯಾಡನ್-ಜೂಲಿಯನ್ ಆಂದೋಲನ ಅಂತಾರೆ. ಅದು ನಮ್ಮ ಕಡೆಯಿಂದ ದಾಟಿ ಹೋದ ಮೇಲೆ ಮಳೆಗೆ ಬಿಡುವು ಬೀಳುವುದು ಜಾಸ್ತಿ. 2023ರ ಆಗಸ್ಟ್‌ನಲ್ಲಿ ಎಲ್ ನಿನೊ ಜೊತೆಗೆ ಇದೂ ಕೈಕೊಟ್ಟಿತು. 1901ರಿಂದ ಅಷ್ಟು ಒಣ ಆಗಸ್ಟ್ ದೇಶ ಕಂಡಿರಲಿಲ್ಲ. ನಮ್ಮಲ್ಲಿ ಸಜ್ಜೆ ತೆನೆ ಬೆರಳುದ್ದಕ್ಕೇ ನಿಂತವು, ಹಿಂಡಿದರೆ ಹಾಲಿಲ್ಲ, ಬರೀ ಹೊಟ್ಟು.

ಎರಿಹೊಲ, ಮಾನ್ವಿ
ಅರ್ಥ ಆಯ್ತು ಅಕ್ಕಾ. ಆದರೆ 2009ರ ಮಂತ್ರಾಲಯದ ನೆರೆ?

ಮಳೆಮಾಪಕ, ರಾಯಚೂರು
ಅದು ಹಸ್ತ ಮಳೆಯ ಕಾಲ. ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತ ನಮ್ಮ ತಲೆ ಮೇಲೆ ನಿಂತು ಸುರಿಯಿತು. ಎಲ್ ನಿನೊ ಇಡೀ ಹಂಗಾಮಿನ ಒಲವು ಹೇಳುತ್ತದೆ, ಮಾನ್ವಿಯ ಒಂದು ವಾರದ ಮಳೆ ಹೇಳಲ್ಲ. ಇನ್ನೂ ಒಂದು ವಿಷಯ ಟಿವಿಯವರು ಹೇಳಲ್ಲ. ಎಲ್ ನಿನೊ ವರ್ಷಗಳಲ್ಲಿ ಅಕ್ಟೋಬರ್ ನಂತರದ ಹಿಂಗಾರು ದಕ್ಷಿಣಕ್ಕೆ ಚೆನ್ನಾಗಿ ಆಗುವುದೇ ಹೆಚ್ಚು.

ಏಪ್ರಿಲ್ ಸುದ್ದಿ ಕೇಳಿ ತೊಗರಿ ಕೈಬಿಡಬೇಡ. ಅಂಥ ವರ್ಷ ಹೊಲ ಪೂರ್ತಿ ಬಿತ್ತದೆ ಒಂದು ಪಾಲು ಹಿಂಗಾರಿ ಜೋಳಕ್ಕೆ ಹರಗಿ ಖಾಲಿ ಬಿಡು. ಹವಾಮಾನ ಇಲಾಖೆ ಗುರುವಾರಕ್ಕೊಮ್ಮೆ ಮುಂದಿನ ನಾಲ್ಕು ವಾರದ ಮುನ್ಸೂಚನೆ ಹಾಕುತ್ತದೆ. ಮೇಲುಗೊಬ್ಬರ ಕೊಡುವ ಮುಂಚೆ ಅದನ್ನು ನೋಡು.

ಎರಿಹೊಲ, ಮಾನ್ವಿ
ಸರಿ ಸರ. ಅಪ್ಪನನ್ನು ಒಪ್ಪಿಸುವುದೊಂದು ಬಾಕಿ. ಅವರು ಹರಗಿ ಬಿಟ್ಟ ಹೊಲ ನೋಡಿದರೆ ಊಟ ಬಿಡ್ತಾರೆ.