ನಾಯಿ ತರುವ ಮೊದಲು: ಪಶುವೈದ್ಯೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (ವೈಟ್‌ಫೀಲ್ಡ್): ಮೇಡಂ, ನಾನು, ಹೆಂಡತಿ ಇಬ್ಬರೂ ಐಟಿ. ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಲೇಬೇಕು. ಎರಡು ಬೆಡ್‌ರೂಮ್ ಫ್ಲಾಟ್. ಏಳು ವರ್ಷದ ಮಗಳು ಹಸ್ಕಿ ಮರಿ ಬೇಕು ಅಂತ ಹಟ ಹಿಡಿದಿದ್ದಾಳೆ. ತರಬಹುದಾ?

ಉತ್ತರ: ತಳಿಯ ಮಾತು ಆಮೇಲೆ. ಆ ಮೂರು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಮನೆಯಲ್ಲಿ ಯಾರಿರುತ್ತಾರೆ? ಮೊದಲು ಇದಕ್ಕೆ ಉತ್ತರ ಬೇಕು. ಎರಡು ತಿಂಗಳ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ ಹಾಕಬೇಕು. ಎರಡು ಗಂಟೆಗೊಮ್ಮೆ ಉಚ್ಚೆಗೆ ಕರೆದುಕೊಂಡು ಹೋಗಬೇಕು. ಹತ್ತು ಗಂಟೆ ಒಂಟಿಯಾಗಿ ಬಿಟ್ಟರೆ ಅದು ಕೂಗುತ್ತದೆ, ಬಾಗಿಲು ಕೆರೆಯುತ್ತದೆ, ಸೋಫಾ ಹರಿಯುತ್ತದೆ. ಆಮೇಲೆ 'ನಾಯಿ ಸರಿಯಿಲ್ಲ, ಯಾರಿಗಾದರೂ ಕೊಡಿಸಿ' ಅಂತ ನನಗೆ ಫೋನ್ ಬರುತ್ತದೆ. ನಾಯಿ ಸರಿಯಾಗಿಯೇ ಇರುತ್ತದೆ. ಜೊತೆಗೆ ಯಾರೂ ಇರುವುದಿಲ್ಲ, ಅಷ್ಟೇ.

ಇನ್ನೊಂದು ವಿಷಯ. ನಾಯಿ 10ರಿಂದ 14 ವರ್ಷ ಬದುಕುತ್ತದೆ. ನಿಮ್ಮ ಮಗಳು ಕಾಲೇಜು ಮುಗಿಸುವ ಹೊತ್ತಿಗೂ ಅದು ಮನೆಯಲ್ಲೇ ಇರಬಹುದು. ಬೆಳಿಗ್ಗೆ ಆರಕ್ಕೆ ಎದ್ದು ವಾಕಿಂಗ್ ಕರೆದೊಯ್ಯುವವರು ನೀವಿಬ್ಬರೇ, ಅವಳಲ್ಲ. ನಿಮಗೆ ನಾಯಿ ಬೇಕಾ, ಯೋಚಿಸಿ.

ಹಸ್ಕಿ ಮಾತ್ರ ಬೇಡ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಬೆಳೆಸಿದ ತಳಿ ಅದು. ಎರಡು ಪದರ ಕೂದಲು. ಏಪ್ರಿಲ್ ತಿಂಗಳ ಬೆಂಗಳೂರಲ್ಲಿ ಅದು ಪಡುವ ಪಾಡು ನೋಡೋಕಾಗಲ್ಲ.

ಮರುಪ್ರಶ್ನೆ: ಹಾಗಾದರೆ ನಮ್ಮದೇ ಮುಧೋಳ?

ಉತ್ತರ: ನಮ್ಮ ಹವೆಗೆ ಚೆನ್ನಾಗಿ ಹೊಂದುತ್ತದೆ, ಕೂದಲಿನ ಕಾಟವೂ ಕಡಿಮೆ. ಆದರೆ ಅದು ಬಾಗಲಕೋಟೆ ಬಯಲಲ್ಲಿ ಓಡಿ ಬೇಟೆ ಹಿಡಿಯುವ ನಾಯಿ. ದಿನಾ ಬಿಟ್ಟು ಓಡಿಸಲು ಬೇಲಿ ಇರುವ ಜಾಗ ಇದ್ದರೆ ಸರಿ. ಫ್ಲಾಟ್‌ನ ಕಾರಿಡಾರ್ ಸಾಲದು.

ಪ್ರಶ್ನೆ (ಯಲಹಂಕ): ಆನ್‌ಲೈನ್‌ನಲ್ಲಿ 35 ದಿನದ ಲ್ಯಾಬ್ರಡಾರ್ ಮರಿ ಸಿಕ್ಕಿದೆ. ಎಲ್ಲಾ ಇಂಜೆಕ್ಷನ್ ಆಗಿದೆ ಅಂತಿದ್ದಾರೆ.

ಉತ್ತರ: ದಯವಿಟ್ಟು ದುಡ್ಡು ಕಳಿಸಬೇಡಿ. ಮೊದಲ ಇಂಜೆಕ್ಷನ್ ಶುರುವಾಗುವುದೇ 6ರಿಂದ 8 ವಾರಕ್ಕೆ. ಆಮೇಲೆ 3–4 ವಾರಕ್ಕೊಂದರಂತೆ 16 ವಾರದವರೆಗೆ. ರೇಬಿಸ್‌ದು ಮೂರು ತಿಂಗಳಿಗೆ. 35 ದಿನಕ್ಕೆ 'ಎಲ್ಲಾ' ಹೇಗೆ ಆಗುತ್ತದೆ? ನಾಯಿ ಸಾಕಣೆ, ಮಾರಾಟದ 2017ರ ನಿಯಮದ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತೆಯೇ ಇಲ್ಲ. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಪತ್ರ ತೋರಿಸಿ ಅನ್ನಿ. ತಾಯಿನಾಯಿಯನ್ನು ನೋಡಬೇಕು ಅನ್ನಿ. ನೆಪ ಹೇಳಿದರೆ ವಾಪಸ್ ಬನ್ನಿ.

ಇಂಥ ಮರಿಗಳು ಕೊಂಡ ವಾರದೊಳಗೆ ಕ್ಲಿನಿಕ್‌ಗೆ ಬರುವುದನ್ನು ನೋಡುತ್ತಲೇ ಇರುತ್ತೇನೆ. ಪಾರ್ವೋ ಅನ್ನುವ ವೈರಸ್ ಕಾಯಿಲೆ. ನಿಲ್ಲದ ವಾಂತಿ, ರಕ್ತ ಬೆರೆತ ಭೇದಿ. ತುಟಿ ಎತ್ತಿ ನೋಡಿದರೆ ಒಸಡು ಬಿಳುಚಿಕೊಂಡಿರುತ್ತದೆ. ಡ್ರಿಪ್ ಹಾಕಲು ಕಾಲು ಹಿಡಿದರೂ ಎಳೆದುಕೊಳ್ಳುವ ಶಕ್ತಿ ಇರುವುದಿಲ್ಲ. ಎಷ್ಟೋ ಉಳಿಯುವುದಿಲ್ಲ.

ಪ್ರಶ್ನೆ (ಬನಶಂಕರಿ): ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕುವಂತಿಲ್ಲ ಅಂತಾರೆ.

ಉತ್ತರ: ಹಾಗೆ ನಿಷೇಧ ಹಾಕುವಂತಿಲ್ಲ, ಬಹುಮತ ಇದ್ದರೂ ಸರಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಲಿಫ್ಟ್ ಬಳಸಬೇಡಿ ಅಂತಲೂ ತಡೆಯುವಂತಿಲ್ಲ. ಆದರೆ ನಿಮ್ಮ ಕಡೆಯಿಂದಲೂ ಬೆಲ್ಟ್ ಬಿಚ್ಚಬಾರದು, ಕಕ್ಕ ಎತ್ತಬೇಕು, ಪಾಲಿಕೆಯ ಲೈಸೆನ್ಸ್ ಮಾಡಿಸಬೇಕು. ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆಯನ್ನು ಕರಾರಿನಲ್ಲೇ ಬರೆಸಿಕೊಳ್ಳಿ.

ಪ್ರಶ್ನೆ: ಖರ್ಚು ಎಲ್ಲಿ ಜಾಸ್ತಿ?

ಉತ್ತರ: ಊಟಕ್ಕಿಂತ ಕಾಯಿಲೆಗೆ. ಬೆಂಗಳೂರಲ್ಲಿ ರಕ್ತ ಹೀರುವ ಉಣ್ಣಿಯ (ಟಿಕ್) ಕಾಟ ವರ್ಷವಿಡೀ ಇರುತ್ತದೆ. ಅದರಿಂದ ಟಿಕ್ ಫೀವರ್ ಬರುತ್ತದೆ. ವಾಕಿಂಗ್‌ನಿಂದ ಬಂದ ಕೂಡಲೇ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬೆಲ್ಟ್ ಕೆಳಗೆ ಕೈಯಾಡಿಸಿ ನೋಡಿ. ಊಟ ಬಿಟ್ಟು ಮೈ ಬಿಸಿಯಾಗಿದ್ದರೆ, ಮೂಗಲ್ಲಿ ರಕ್ತ ಕಂಡರೆ ಕಾಯಬೇಡಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಹಬ್ಬಕ್ಕೆ ಊರಿಗೆ ಹೋದಾಗ ನಾಯಿಯನ್ನು ಎಲ್ಲಿ ಬಿಡುತ್ತೀರಿ ಅನ್ನುವುದೂ ಖರ್ಚಿನ ಬಾಬ್ತೇ.

ಪ್ರಶ್ನೆ (ರಾಜಾಜಿನಗರ): ನಮ್ಮ ಬೀದಿಯಲ್ಲಿ ಸುಮಾರು ಎರಡು ತಿಂಗಳ ಹೆಣ್ಣು ಮರಿ ಇದೆ. ಹೆಣ್ಣು ಅಂತ ಯಾರೂ ತಗೊಳ್ತಿಲ್ಲ. ಅಪ್ಪ ರಿಟೈರ್ ಆಗಿ ಮನೆಯಲ್ಲೇ ಇದ್ದಾರೆ, ಅವರಿಗೂ ಇಷ್ಟ.

ಉತ್ತರ: ಖಂಡಿತ ತನ್ನಿ! ಇವತ್ತು ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಖುಷಿ ಕೊಟ್ಟಿದ್ದು ಇದೇ. ಮನೆಯಲ್ಲಿ ಜನ ಇದ್ದಾರೆ, ಮರಿ ಈ ಊರಿನ ಹವೆಯಲ್ಲೇ ಹುಟ್ಟಿದೆ. ಹೆಣ್ಣು ಅಂತ ಹೆದರುವುದು ಸುಮ್ನೆ. ಸಂತಾನಹರಣ ಆಪರೇಷನ್ ಮಾಡಿಸಿದರೆ ಮರಿ ಹಾಕುವ ಚಿಂತೆ ಇಲ್ಲ, ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯೂ ಬರುವುದಿಲ್ಲ. ಮೊದಲು ಟವೆಲ್‌ನಲ್ಲಿ ಸುತ್ತಿ ಹತ್ತಿರದ ಪಶು ಆಸ್ಪತ್ರೆಗೆ ಎತ್ತಿಕೊಂಡು ಹೋಗಿ, ಅಲ್ಲಿ ನೆಲಕ್ಕೆ ಬಿಡಬೇಡಿ. ಅವತ್ತೇ ಸ್ನಾನ ಬೇಡ. ಚಿಕ್ಕ ಡಬ್ಬಿಯಲ್ಲಿ ಸ್ವಲ್ಪ ಕಕ್ಕ ಹಾಕಿಕೊಂಡು ಹೋದರೆ ಜಂತುಹುಳು ಇದೆಯಾ ಅಂತ ಆಗಲೇ ನೋಡಿ ಔಷಧಿ ಕೊಡುತ್ತಾರೆ.