ಅಪ್‌ಡೇಟ್: ಆಲಿಕಲ್ಲು ಬಿದ್ದ ಹೊಲಕ್ಕೆ ದುಡ್ಡು ಯಾಕೆ ಬರ್ಲಿಲ್ಲ
ಹೋದ ಸಲ ಕೇಳಿದ್ನಲ್ಲ, ಇಲ್ಲಿ ಅಮೆರಿಕದ ಅಯೋವಾದಲ್ಲಿ ನಮ್ಮ ಪಕ್ಕದ ಮನೆ ಅಜ್ಜನ ಮೆಕ್ಕೆಜೋಳ ಆಲಿಕಲ್ಲಿಗೆ ಚಿಂದಿಯಾದ್ರೂ ಬೆಳೆ ಆದಾಯ ಕುಸಿದ್ರೆ ರೈತರಿಗೆ ದುಡ್ಡು ಕೊಡೋ ಎಆರ್‌ಸಿ ಅನ್ನೋ ಸರ್ಕಾರಿ ಸ್ಕೀಮಿಂದ ಒಂದು ಡಾಲರೂ ಬರ್ಲಿಲ್ಲ ಯಾಕೆ ಅಂತ. ಮೊನ್ನೆ ಅವರ ಅಡುಗೆಮನೆ ಟೇಬಲ್ ಮೇಲೆ ಪೇಪರೆಲ್ಲ ಹರಡ್ಕೊಂಡು ಕೂತ್ವಿ, ಉತ್ತರ ಸಿಕ್ತು.

ಅವರು ತಗೊಂಡಿರೋ ಎಆರ್‌ಸಿ ಅವರ ಹೊಲ ನೋಡೋದೇ ಇಲ್ಲ ನೋಡ್ರಿ, ಇಡೀ ಕೌಂಟಿಯ (ನಮ್ಮ ಜಿಲ್ಲೆ ಥರ) ಸರಾಸರಿ ಇಳುವರಿನ ದೇಶದ ಸರಾಸರಿ ರೇಟಿಗೆ ಗುಣಿಸಿ, ಅದು ಬೆಂಚ್‌ಮಾರ್ಕ್ ಆದಾಯದ, ಅಂದ್ರೆ ಹಿಂದಿನ ವರ್ಷಗಳ ಸರಾಸರಿಯಿಂದ ಲೆಕ್ಕ ಹಾಕಿದ ಆದಾಯದ, 86%ಗಿಂತ ಕೆಳಗೆ ಹೋದ್ರೆ ಮಾತ್ರ ದುಡ್ಡು, 2025ರ ಬೆಳೆಯಿಂದ ಅದನ್ನ 90% ಮಾಡಿದಾರೆ. ಅದೂ ಈಗ ಬಿತ್ತಿದ ಎಕರೆಗಲ್ಲ, ಹಳೇ ದಾಖಲೆಲಿರೋ ಬೇಸ್ ಎಕರೆಯ 85%ಗೆ, ಕೈಗೆ ಬರೋದು ಮುಂದಿನ ವರ್ಷ ಅಕ್ಟೋಬರ್ ಶುರುವಾದ್ಮೇಲೆ! ಆಲಿಕಲ್ಲು ಬಿದ್ದ ವರ್ಷ ಕೌಂಟಿಲಿ ಉಳಿದೋರಿಗೆಲ್ಲ ಭರ್ಜರಿ ಬೆಳೆ, ಸರಾಸರಿ ಅಷ್ಟು ಕೆಳಗೆ ಇಳೀಲೇ ಇಲ್ಲ, ಅಲ್ಲಿಗೆ ಕಥೆ ಮುಗೀತು.

ಕೈ ಹಿಡಿದಿದ್ದು ಬೆಳೆವಿಮೆ. ಅದು ಅವರದ್ದೇ ಹೊಲದ ಲೆಕ್ಕ, ಪ್ರೀಮಿಯಂನಲ್ಲಿ ದೊಡ್ಡ ಪಾಲು ಸರ್ಕಾರನೇ ಕಟ್ಟತ್ತೆ. ನೀವು ಕೆಲವರು ಹೇಳಿದ್ದು ಇದನ್ನೇ, ಥ್ಯಾಂಕ್ಸ್.

ದಾವಣಗೆರೆ ಕಡೆ ನಮ್ಮಪ್ಪಂದೂ ಇದೇ ಗೋಳು, ಬರ ಬಂದ್ರೆ ಫಸಲ್ ಬಿಮಾದಲ್ಲಿ ಪಂಚಾಯ್ತಿ ಸರಾಸರಿ ನೋಡ್ತಾರೆ. ಅಜ್ಜಂಗೆ ಇದನ್ನ ಹೇಳ್ದೆ, ಜೋರಾಗಿ ನಕ್ಕು ಇನ್ನೊಂದು ಕಪ್ ಕಾಫಿ ಸುರಿದ್ರು.